ಲಿನಕ್ಸ್ ಬೂಟ್ ಹಂತಗಳು: ರನ್‌ಲೆವೆಲ್, ಟಾರ್ಗೆಟ್ ಮತ್ತು ಕಪ್ಪು ತೆರೆಯಿಂದ ಹೊರಬರುವ ದಾರಿ

ಡೆಸ್ಕ್‌ಟಾಪ್ ಬರಬೇಕಾದ ಜಾಗದಲ್ಲಿ ಕಪ್ಪು ತೆರೆ, ಅದರ ಮೇಲೆ ‘ಯು ಆರ್ ಇನ್ ಎಮರ್ಜೆನ್ಸಿ ಮೋಡ್’ ಎಂಬ ಸಾಲು. ಇದನ್ನು ಕಂಡ ಕೂಡಲೇ ಬಹಳ ಮಂದಿ ಪೆನ್‌ಡ್ರೈವ್ ಹುಡುಕುತ್ತಾರೆ, ಲಿನಕ್ಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಲು ಕೂರುತ್ತಾರೆ. ಅರ್ಧ ದಿನ ಹೋಗುತ್ತದೆ, ಕೆಲವೊಮ್ಮೆ ಫೈಲ್‌ಗಳೂ ಹೋಗುತ್ತವೆ. ಅಷ್ಟು ಮಾಡುವ ಅಗತ್ಯ ಬಹುಪಾಲು ಇರುವುದೇ ಇಲ್ಲ. ಮೇಲಿನ ಹಂತಕ್ಕೆ ಏರಲು ಏನೋ ಅಡ್ಡ ಬಂದದ್ದರಿಂದ ಸಿಸ್ಟಮ್ ಕೆಳಗಿನ ಹಂತದಲ್ಲಿ ನಿಂತಿದೆ. ಆ ಹಂತದಲ್ಲಿ ನಿಮಗೊಂದು ಕಮಾಂಡ್ ಲೈನ್ ಸಿಗುತ್ತದೆ. ದುರಸ್ತಿಗೆ ಅಷ್ಟು ಸಾಕು.

ಲಿನಕ್ಸ್ ಯಾವ ಯಾವ ಹಂತಗಳಲ್ಲಿ ಏಳುತ್ತದೆ, ಪ್ರತಿ ಹಂತದಲ್ಲಿ ಏನಿರುತ್ತದೆ, ಏನಿರುವುದಿಲ್ಲ, ಬೇಕಾದ ಹಂತಕ್ಕೆ ನಾವೇ ಹೇಗೆ ಹೋಗುವುದು ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ. ಉಬುಂಟು, ಡೆಬಿಯನ್, ಫೆಡೋರಾ, ರೆಡ್ ಹ್ಯಾಟ್, ಅವುಗಳಿಂದ ಹುಟ್ಟಿದ ಮಿಂಟ್, ರಾಕಿ, ಆಲ್ಮಾ ಎಲ್ಲಕ್ಕೂ ಇದು ಅನ್ವಯಿಸುತ್ತದೆ.

ಒಂದು ಸೂಚನೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು, ಬೇರೆ ಹೇಳದಿದ್ದರೆ ಎಲ್ಲವೂ ಸಣ್ಣ ಅಕ್ಷರ. ‘ಸಿಸ್ಟಮ್‌ಸಿಟಿಎಲ್’ ಎಂದರೆ ಸಿಸ್ಟಮ್ ಎಂಬ ಪದಕ್ಕೆ ಜಾಗ ಬಿಡದೆ ಸಿ, ಟಿ, ಎಲ್ ಸೇರಿಸಿದ್ದು. ಚುಕ್ಕೆ, ಅಡ್ಡಗೆರೆ, ಓರೆಗೆರೆ ಇದ್ದಲ್ಲಿ ಇದ್ದ ಹಾಗೆಯೇ ಹಾಕಿ. ಮೊದಲ ಸಲ ಪ್ರಯೋಗ ಮಾಡುವವರು ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಉಬುಂಟು ಅಥವಾ ಫೆಡೋರಾ ಹಾಕಿಕೊಂಡು, ಸ್ನ್ಯಾಪ್‌ಶಾಟ್ ತೆಗೆದಿಟ್ಟು ಶುರು ಮಾಡಿ. ಅಲ್ಲಿ ಏನೇ ಕೆಡಿಸಿದರೂ ಒಂದೇ ಕ್ಲಿಕ್ಕಿಗೆ ಹಿಂದಿನ ಸ್ಥಿತಿಗೆ ಬರಬಹುದು.

ಗುಂಡಿ ಒತ್ತಿದಲ್ಲಿಂದ ಲಾಗಿನ್‌ವರೆಗೆ

ಮೊದಲು ಓಡುವುದು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಬಯೋಸ್, ಹೊಸದರಲ್ಲಿ ಯುಇಎಫ್‌ಐ. ಅದು ಡಿಸ್ಕಿನಲ್ಲಿರುವ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಹೆಚ್ಚಿನ ಡಿಸ್ಟ್ರೊಗಳಲ್ಲಿ (ಉಬುಂಟು, ಫೆಡೋರಾದಂಥ ಲಿನಕ್ಸ್ ರೂಪಗಳಲ್ಲಿ) ಇದು ಗ್ರಬ್. ಗ್ರಬ್ ಎರಡು ಫೈಲ್‌ಗಳನ್ನು ಮೆಮೊರಿಗೆ ತರುತ್ತದೆ: ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಇನಿಟ್‌ರಾಮ್‌ಎಫ್‌ಎಸ್. ಎರಡನೆಯದು ಒಂದು ಪುಟ್ಟ ತಾತ್ಕಾಲಿಕ ಫೈಲ್‌ಸಿಸ್ಟಮ್. ಡಿಸ್ಕ್ ಡ್ರೈವರ್, ಎನ್‌ಕ್ರಿಪ್ಷನ್ ತೆರೆಯುವ ಸಲಕರಣೆ ಮುಂತಾದವು ಅದರಲ್ಲಿರುತ್ತವೆ. ನಿಜವಾದ ರೂಟ್ (ಮುಖ್ಯ) ಫೈಲ್‌ಸಿಸ್ಟಮ್ ಮೌಂಟ್ ಆದ ಮೇಲೆ, ಅಂದರೆ ಬಳಕೆಗೆ ಜೋಡಣೆಯಾದ ಮೇಲೆ, ಅದರೊಳಗಿನ ಮೊದಲ ಪ್ರೋಗ್ರಾಂ ಶುರುವಾಗುತ್ತದೆ. ಅದರ ಪ್ರೋಸೆಸ್ ಸಂಖ್ಯೆ ಯಾವಾಗಲೂ 1. ಅದಕ್ಕೆ ಇನಿಟ್ ಎನ್ನುತ್ತಾರೆ.

ಈ ಲೇಖನದ ಹಂತಗಳೆಲ್ಲ ಇನಿಟ್‌ನ ಕೈಯಲ್ಲಿವೆ. ಆದ್ದರಿಂದ ಗ್ರಬ್ಬೇ ಕಾಣಿಸದಿದ್ದರೆ, ಅಥವಾ ‘ಕರ್ನಲ್ ಪ್ಯಾನಿಕ್’ ಎಂದು ನಿಂತರೆ, ತೊಂದರೆ ಇನ್ನೂ ಹಿಂದೆಯೇ ಇದೆ. ಅಲ್ಲಿ ಟಾರ್ಗೆಟ್, ಅಂದರೆ ಹಂತ, ಬದಲಿಸಿ ಪ್ರಯೋಜನವಿಲ್ಲ. ಲೈವ್ ಪೆನ್‌ಡ್ರೈವ್ ಬೇಕಾಗುವುದು ಅಲ್ಲಿ.

ಹಳೆಯ ಏಳು ಸಂಖ್ಯೆಗಳು

ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಇನಿಟ್‌ಗೆ 0ಯಿಂದ 6ರವರೆಗೆ ರನ್‌ಲೆವೆಲ್‌ಗಳಿದ್ದವು. ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್‌ನಂತೆ ಸಂಖ್ಯೆ ಏರಿದಷ್ಟೂ ಹೆಚ್ಚು ಎಂದು ಹಲವರು ಎಣಿಸುವುದುಂಟು. ಹಾಗಿಲ್ಲ. 0 ಎಂದರೆ ಯಂತ್ರ ನಿಲ್ಲಿಸು, 6 ಎಂದರೆ ಮರುಬೂಟ್ ಮಾಡು. 1 ಒಬ್ಬನೇ ಬಳಕೆದಾರ, ಅಂದರೆ ಎಲ್ಲ ಅಧಿಕಾರವಿರುವ ರೂಟ್ ಮಾತ್ರ, ದುರಸ್ತಿಗೆ. ಈ ಮೂರು ಎಲ್ಲೆಡೆ ಒಂದೇ. ನಡುವಿನ 2, 3, 4, 5 ಮಾತ್ರ ಡಿಸ್ಟ್ರೊಗೊಂದು ಥರ. ರೆಡ್ ಹ್ಯಾಟ್ ಬಳಗದಲ್ಲಿ 3 ಎಂದರೆ ನೆಟ್‌ವರ್ಕ್ ಸಹಿತ ಪಠ್ಯ ಲಾಗಿನ್, 5 ಎಂದರೆ ಗ್ರಾಫಿಕಲ್ ಲಾಗಿನ್, 4 ಖಾಲಿ. ಡೆಬಿಯನ್‌ನಲ್ಲಿ 2ರಿಂದ 5ರವರೆಗೆ ಎಲ್ಲವೂ ಒಂದೇ, ಡಿಫಾಲ್ಟ್ 2. ಸ್ಲ್ಯಾಕ್‌ವೇರ್‌ನಲ್ಲಿ ಗ್ರಾಫಿಕಲ್ ಲಾಗಿನ್‌ಗೆ 4. ಹಳೆಯ ಪುಸ್ತಕ ಓದಿ ‘ಇನಿಟ್ 5’ ಎಂದು ಡೆಬಿಯನ್‌ನಲ್ಲಿ ಕೊಟ್ಟು ಏನೂ ಆಗಲಿಲ್ಲ ಎಂದು ಗೊಂದಲಗೊಂಡವರು ಇದೇ ಕಾರಣಕ್ಕೆ ಗೊಂದಲಗೊಂಡದ್ದು.

ಆಗ ಡಿಫಾಲ್ಟ್ ಹಂತ /ಇಟಿಸಿ/ಇನಿಟ್‌ಟ್ಯಾಬ್ ಫೈಲಿನ ಒಂದು ಸಾಲಿನಲ್ಲಿರುತ್ತಿತ್ತು:

ಐಡಿ:3:ಇನಿಟ್‌ಡಿಫಾಲ್ಟ್:

ಪ್ರತಿ ಹಂತಕ್ಕೂ ಒಂದು ಫೋಲ್ಡರ್. ಅದರೊಳಗೆ ಎಸ್ ಅಥವಾ ಕೆ ಅಕ್ಷರದಿಂದ ಶುರುವಾಗುವ ಲಿಂಕ್‌ಗಳು. ಎಸ್ ಇದ್ದರೆ ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಶುರು, ಕೆ ಇದ್ದರೆ ನಿಲ್ಲಿಸು. ಅಕ್ಷರದ ಮುಂದೆ ಎರಡಂಕಿಯ ಕ್ರಮಸಂಖ್ಯೆ. ರೆಡ್ ಹ್ಯಾಟ್‌ನಲ್ಲಿ ನೆಟ್‌ವರ್ಕ್‌ಗೆ ಎಸ್10, ವೆಬ್ ಸರ್ವರ್‌ಗೆ ಎಸ್85. ನೆಟ್‌ವರ್ಕ್ ಮೊದಲು, ವೆಬ್ ಸರ್ವರ್ ಆಮೇಲೆ. ಒಂದು ಮುಗಿದ ಮೇಲೆ ಇನ್ನೊಂದು, ಸಾಲಾಗಿ. ಈ ಸರದಿಯೇ ಆ ಪದ್ಧತಿಯ ದೊಡ್ಡ ಕೊರತೆ. ಒಂದು ಸ್ಕ್ರಿಪ್ಟ್ ನೆಟ್‌ವರ್ಕ್‌ಗಾಗಿ ಕಾದು ನಿಂತರೆ ಅದರ ನಂತರದವೆಲ್ಲ ಕಾಯಬೇಕಿತ್ತು.

ಉಬುಂಟು 2006ರಲ್ಲಿ ಅಪ್‌ಸ್ಟಾರ್ಟ್ ಎಂಬ ಬದಲಿಯನ್ನು ತಂದಿತು. 2010ರಲ್ಲಿ ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿ ಎಂಬ ಹೊಸ ಇನಿಟ್ ಅನ್ನು ಮುಂದಿಟ್ಟರು. 2011ರ ಫೆಡೋರಾ 15, 2014ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರ ಡೆಬಿಯನ್ 8 ಮತ್ತು ಉಬುಂಟು 15.04 ಅದನ್ನೇ ಡಿಫಾಲ್ಟ್ ಮಾಡಿಕೊಂಡವು. ಅಲ್ಲಿಂದ ಸಂಖ್ಯೆಗಳ ಜಾಗಕ್ಕೆ ಹೆಸರುಗಳು ಬಂದವು.

ಟಾರ್ಗೆಟ್ ಎಂದರೆ ಏನು

ಟಾರ್ಗೆಟ್ ತಾನೇ ಯಾವ ಪ್ರೋಗ್ರಾಮನ್ನೂ ಓಡಿಸುವುದಿಲ್ಲ. ‘ಈ ಹಂತ ತಲುಪಿದೆ ಎನ್ನಬೇಕಾದರೆ ಇವಿಷ್ಟು ಇರಬೇಕು’ ಎಂದು ಹೇಳುವ ಒಂದು ಸಣ್ಣ ಪಠ್ಯ ಫೈಲ್ ಅದು. ನೋಡಬೇಕೆಂದರೆ ಹೀಗೆ ಕೊಡಿ:

ಸಿಸ್ಟಮ್‌ಸಿಟಿಎಲ್ ಕ್ಯಾಟ್ ಗ್ರಾಫಿಕಲ್.ಟಾರ್ಗೆಟ್

ಬರುವ ಸಾಲುಗಳಲ್ಲಿ ನಾಲ್ಕನ್ನು ಗಮನಿಸಿ. ‘ರಿಕ್ವೈರ್ಸ್’ ಎದುರು ಮಲ್ಟಿ-ಯೂಸರ್.ಟಾರ್ಗೆಟ್ ಇದೆ, ಅಂದರೆ ಅದಿಲ್ಲದೆ ಇದಿಲ್ಲ. ‘ವಾಂಟ್ಸ್’ ಎದುರು ಡಿಸ್‌ಪ್ಲೇ-ಮ್ಯಾನೇಜರ್.ಸರ್ವಿಸ್ ಇದೆ. ಗ್ರಾಫಿಕಲ್ ಲಾಗಿನ್ ತೆರೆ ತರುವ ಇದು ಇದ್ದರೆ ಒಳ್ಳೆಯದು, ಶುರುವಾಗದಿದ್ದರೂ ಟಾರ್ಗೆಟ್ ವಿಫಲವಾಗುವುದಿಲ್ಲ. ‘ಕಾನ್‌ಫ್ಲಿಕ್ಟ್ಸ್’ ಎದುರು ರೆಸ್ಕ್ಯೂ ಇದೆ, ಎರಡೂ ಒಟ್ಟಿಗೆ ಇರುವಂತಿಲ್ಲ. ‘ಅಲೌಐಸೊಲೇಟ್’ ಎದುರು ಯೆಸ್ ಇದೆ, ಅಂದರೆ ನೀವು ನೇರವಾಗಿ ಈ ಹಂತಕ್ಕೆ ಜಿಗಿಯಬಹುದು.

ರಿಕ್ವೈರ್ಸ್ ಮತ್ತು ವಾಂಟ್ಸ್ ನಡುವಿನ ಈ ವ್ಯತ್ಯಾಸದಿಂದಲೇ ಒಂದು ಸಾಮಾನ್ಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಸರ್ವರ್ ಆವೃತ್ತಿ ಹಾಕಿದ ಯಂತ್ರದಲ್ಲೂ ಡಿಫಾಲ್ಟ್ ‘ಗ್ರಾಫಿಕಲ್’ ಎಂದು ತೋರಿಸಬಹುದು, ಆದರೆ ಕಾಣುವುದು ಪಠ್ಯ ಲಾಗಿನ್ ಮಾತ್ರ. ಡೆಸ್ಕ್‌ಟಾಪ್ ಇನ್‌ಸ್ಟಾಲ್ ಆಗಿಲ್ಲ, ಡಿಸ್‌ಪ್ಲೇ ಮ್ಯಾನೇಜರ್ ಇಲ್ಲ. ಅದು ಬರೀ ವಾಂಟ್ಸ್ ಆದ್ದರಿಂದ ಸಿಸ್ಟಮ್‌ಡಿ ಗೊಣಗದೆ ಮುಂದೆ ಹೋಗಿದೆ.

ಹಳೆಯ ಸಂಖ್ಯೆ, ಹೊಸ ಹೆಸರು ಹೀಗೆ ಹೊಂದುತ್ತವೆ:

0 – ಪವರ್‌ಆಫ್.ಟಾರ್ಗೆಟ್
1 – ರೆಸ್ಕ್ಯೂ.ಟಾರ್ಗೆಟ್
2, 3, 4 – ಮಲ್ಟಿ-ಯೂಸರ್.ಟಾರ್ಗೆಟ್
5 – ಗ್ರಾಫಿಕಲ್.ಟಾರ್ಗೆಟ್
6 – ರೀಬೂಟ್.ಟಾರ್ಗೆಟ್

ಎಮರ್ಜೆನ್ಸಿ.ಟಾರ್ಗೆಟ್‌ಗೆ ಹಳೆಯ ಸಂಖ್ಯೆ ಇಲ್ಲ. ‘ರನ್‌ಲೆವೆಲ್’, ‘ಟೆಲ್‌ಇನಿಟ್’ ಕಮಾಂಡ್‌ಗಳು ಬಹುಕಾಲ ಹೊಂದಾಣಿಕೆಗಾಗಿ ಉಳಿದುಕೊಂಡಿದ್ದವು. ಹೊಸ ಸಿಸ್ಟಮ್‌ಡಿ ಆವೃತ್ತಿಗಳು ಅವನ್ನು ಕೈಬಿಡುತ್ತಿವೆ. ಹೊಸದಾಗಿ ಕಲಿಯುವವರು ಹೆಸರುಗಳನ್ನೇ ರೂಢಿಸಿಕೊಳ್ಳಿ.

ಕೆಳಗಿನಿಂದ ಮೇಲಕ್ಕೆ ಏರುವ ಕ್ರಮವನ್ನೂ ತಿಳಿದಿರಬೇಕು. ಲೋಕಲ್-ಎಫ್‌ಎಸ್.ಟಾರ್ಗೆಟ್‌ನಲ್ಲಿ ಡಿಸ್ಕುಗಳು ಮೌಂಟ್ ಆಗುತ್ತವೆ. ಅದು ಸೇರಿದಂತೆ ಆರಂಭಿಕ ಕೆಲಸಗಳೆಲ್ಲ ಮುಗಿದರೆ ಸಿಸ್‌ಇನಿಟ್.ಟಾರ್ಗೆಟ್. ನಂತರ ಬೇಸಿಕ್, ಅದರ ಮೇಲೆ ಮಲ್ಟಿ-ಯೂಸರ್, ಕೊನೆಗೆ ಗ್ರಾಫಿಕಲ್. ರೆಸ್ಕ್ಯೂಗೆ ಸಿಸ್‌ಇನಿಟ್ ಬೇಕು. ಎಮರ್ಜೆನ್ಸಿಗೆ ಅದೂ ಬೇಡ. ಈ ಒಂದು ವಾಕ್ಯ ನೆನಪಿದ್ದರೆ ಮುಂದಿನ ದುರಸ್ತಿ ಭಾಗ ಸುಲಭ.

ಈಗ ಯಾವ ಹಂತದಲ್ಲಿದ್ದೇವೆ?

ಡಿಫಾಲ್ಟ್ ಯಾವುದೆಂದು ನೋಡಲು:

ಸಿಸ್ಟಮ್‌ಸಿಟಿಎಲ್ ಗೆಟ್-ಡಿಫಾಲ್ಟ್

ಇದು ಮುಂದಿನ ಬೂಟಿನಲ್ಲಿ ಹೋಗಬೇಕಾದ ಹಂತ. ಈಗ ಇರುವ ಹಂತ ಬೇರೆಯೇ ಇರಬಹುದು. ಸದ್ಯ ಸಕ್ರಿಯವಾಗಿರುವ ಟಾರ್ಗೆಟ್‌ಗಳಿಗೆ:

ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯೂನಿಟ್ಸ್ --ಟೈಪ್=ಟಾರ್ಗೆಟ್

ಇಲ್ಲಿ ಹತ್ತಿಪ್ಪತ್ತು ಸಾಲು ಬಂದರೆ ಗಾಬರಿ ಬೇಡ. ರನ್‌ಲೆವೆಲ್ ಒಮ್ಮೆಗೆ ಒಂದೇ ಇರುತ್ತಿತ್ತು, ಟಾರ್ಗೆಟ್‌ಗಳು ಒಂದರ ಮೇಲೊಂದು ಸೇರಿ ಒಟ್ಟಿಗೆ ಸಕ್ರಿಯವಾಗಿರುತ್ತವೆ. ಪಟ್ಟಿಯಲ್ಲಿ ಗ್ರಾಫಿಕಲ್ ಇದ್ದರೆ ನೀವು ಅಲ್ಲಿದ್ದೀರಿ. ಹಳೆಯ ಯಂತ್ರಗಳಲ್ಲಿ ‘ರನ್‌ಲೆವೆಲ್’ ಎಂದು ಕೊಟ್ಟಾಗ ‘ಎನ್ 5’ ಎಂದು ಬರುತ್ತದೆ. 5 ಈಗಿನ ಹಂತ. ಎನ್ ಎಂದರೆ ಬೂಟ್ ಆದಾಗಿನಿಂದ ಹಂತ ಬದಲಾಗಿಲ್ಲ.

ಓಡುತ್ತಿರುವಾಗಲೇ ಹಂತ ಬದಲಿಸುವುದು

ಸುಡೊ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಮಲ್ಟಿ-ಯೂಸರ್.ಟಾರ್ಗೆಟ್

‘ಸುಡೊ’ ಎಂದರೆ ಕಮಾಂಡನ್ನು ರೂಟ್ ಅಧಿಕಾರದಲ್ಲಿ ಓಡಿಸು ಎಂದು. ಐಸೊಲೇಟ್ ಎರಡು ಕೆಲಸ ಮಾಡುತ್ತದೆ: ಕೇಳಿದ ಟಾರ್ಗೆಟ್‌ಗೆ ಬೇಕಾದದ್ದನ್ನು ಶುರು ಮಾಡುತ್ತದೆ, ಬೇಡದ್ದನ್ನು ನಿಲ್ಲಿಸುತ್ತದೆ. ಎರಡನೆಯದನ್ನು ಮರೆತವರಿಗೇ ನಷ್ಟ. ಡೆಸ್ಕ್‌ಟಾಪಿನಲ್ಲಿ ಕುಳಿತು ಮೇಲಿನ ಕಮಾಂಡ್ ಕೊಟ್ಟರೆ ಡಿಸ್‌ಪ್ಲೇ ಮ್ಯಾನೇಜರ್ ನಿಲ್ಲುತ್ತದೆ. ಅದರೊಡನೆ ತೆರೆದಿದ್ದ ಬ್ರೌಸರ್, ಸೇವ್ ಮಾಡದ ಲಿಬ್ರೆಆಫೀಸ್ ಫೈಲ್ ಎಲ್ಲವೂ ಮುಚ್ಚಿಹೋಗುತ್ತವೆ. ಮೊದಲು ಎಲ್ಲ ಸೇವ್ ಮಾಡಿ, ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಪಠ್ಯ ಕನ್ಸೋಲ್‌ಗೆ ಹೋಗಿ, ಅಲ್ಲಿ ಲಾಗಿನ್ ಆಗಿ ಕಮಾಂಡ್ ಕೊಡಿ. ಮರಳಲು ಅದೇ ಕಮಾಂಡಿನಲ್ಲಿ ಗ್ರಾಫಿಕಲ್.ಟಾರ್ಗೆಟ್ ಹಾಕಿ.

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಸೇರಿರುವಾಗ ರೆಸ್ಕ್ಯೂ ಅಥವಾ ಎಮರ್ಜೆನ್ಸಿಗೆ ಎಂದೂ ಐಸೊಲೇಟ್ ಮಾಡಬೇಡಿ. ನೆಟ್‌ವರ್ಕ್ ಸರ್ವಿಸ್‌ಗಳು ನಿಲ್ಲುತ್ತವೆ, ನಿಮ್ಮ ಸಂಪರ್ಕ ಕಡಿದುಹೋಗುತ್ತದೆ. ಆಮೇಲೆ ಯಂತ್ರದ ಎದುರು ಕೂರಬೇಕು, ಇಲ್ಲವೇ ಹೋಸ್ಟಿಂಗ್ ಕಂಪನಿ ಕೊಡುವ ವೆಬ್ ಕನ್ಸೋಲ್ ತೆರೆಯಬೇಕು.

ಡಿಫಾಲ್ಟ್ ಬದಲಿಸುವುದು

ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್-ಡಿಫಾಲ್ಟ್ ಮಲ್ಟಿ-ಯೂಸರ್.ಟಾರ್ಗೆಟ್

ಇಷ್ಟೇ. ಒಳಗೆ ನಡೆಯುವುದು ಒಂದು ಲಿಂಕಿನ ಬದಲಾವಣೆ: /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್/ಡಿಫಾಲ್ಟ್.ಟಾರ್ಗೆಟ್ ಎಂಬುದು ಹೊಸ ಟಾರ್ಗೆಟ್ ಫೈಲಿನತ್ತ ತಿರುಗುತ್ತದೆ. ತಕ್ಷಣಕ್ಕೆ ತೆರೆಯ ಮೇಲೆ ಏನೂ ಬದಲಾಗುವುದಿಲ್ಲ, ಪರಿಣಾಮ ಮುಂದಿನ ಬೂಟಿನಲ್ಲಿ ಕಾಣುತ್ತದೆ. ಈಗಲೇ ಬೇಕಿದ್ದರೆ ಐಸೊಲೇಟ್ ಕೂಡ ಕೊಡಬೇಕು.

2 ಜಿಬಿ ಮೆಮೊರಿಯ ಹಳೆಯ ಯಂತ್ರವನ್ನು ಫೈಲ್ ಸರ್ವರ್ ಅಥವಾ ಪ್ರಿಂಟ್ ಸರ್ವರ್ ಮಾಡುವವರಿಗೆ ಈ ಬದಲಾವಣೆ ಬಹಳ ಉಪಯುಕ್ತ. ಡೆಸ್ಕ್‌ಟಾಪ್ ತಿನ್ನುತ್ತಿದ್ದ ನೂರಾರು ಎಂಬಿ ಮೆಮೊರಿ ಉಳಿಯುತ್ತದೆ, ಅದನ್ನು ಅನ್‌ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ಬೇಕೆನಿಸಿದ ದಿನ ಐಸೊಲೇಟ್ ಮಾಡಿ ಡೆಸ್ಕ್‌ಟಾಪ್ ತರಿಸಿಕೊಳ್ಳಬಹುದು.

ಟೈಪ್ ಮಾಡುವ ಭರದಲ್ಲಿ ಡಿಫಾಲ್ಟ್ ಆಗಿ ರೀಬೂಟ್.ಟಾರ್ಗೆಟ್ ಅಥವಾ ಪವರ್‌ಆಫ್.ಟಾರ್ಗೆಟ್ ಹಾಕಿದರೆ? ಯಂತ್ರ ಏಳುತ್ತದೆ, ಕೂಡಲೇ ಮತ್ತೆ ಬೀಳುತ್ತದೆ, ಕೊನೆಯೇ ಇಲ್ಲ. ಪರಿಹಾರ ಮುಂದಿನ ಭಾಗದಲ್ಲಿದೆ, ಏಕೆಂದರೆ ಗ್ರಬ್‌ನಲ್ಲಿ ಕೊಟ್ಟ ಟಾರ್ಗೆಟ್ ಈ ಡಿಫಾಲ್ಟನ್ನು ಮೀರಿಸುತ್ತದೆ.

ಒಂದೇ ಸಲಕ್ಕೆ, ಗ್ರಬ್‌ನಿಂದ

ಡೆಸ್ಕ್‌ಟಾಪ್ ಬರುತ್ತಿಲ್ಲ, ಲಾಗಿನ್ ಆಗಲು ಆಗುತ್ತಿಲ್ಲ ಎಂದಾಗ ಇದೇ ದಾರಿ.

1. ಯಂತ್ರ ಆನ್ ಮಾಡಿ. ಗ್ರಬ್ ಮೆನು ತಾನಾಗಿ ಬರದಿದ್ದರೆ ಬಯೋಸ್ ಯಂತ್ರದಲ್ಲಿ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಯುಇಎಫ್‌ಐ ಯಂತ್ರದಲ್ಲಿ ತಯಾರಕರ ಲೋಗೊ ಕಂಡ ಮೇಲೆ ಎಸ್ಕೇಪ್ ಕೀಯನ್ನು ಒಮ್ಮೆ ಒತ್ತಿ. ಪಟಪಟನೆ ಒತ್ತಿದರೆ ಮೆನು ದಾಟಿ ‘ಗ್ರಬ್>’ ಎಂಬ ಪ್ರಾಂಪ್ಟ್‌ಗೆ ಬೀಳುತ್ತೀರಿ. ಬಿದ್ದರೆ ‘ನಾರ್ಮಲ್’ ಎಂದು ಟೈಪಿಸಿ ಎಂಟರ್ ಒತ್ತಿ, ಕೂಡಲೇ ಒಂದು ಸಲ ಎಸ್ಕೇಪ್ ಒತ್ತಿ.

2. ಮೊದಲ ಸಾಲಿನ ಮೇಲಿದ್ದು ಇಂಗ್ಲಿಷಿನ ‘ಇ’ ಕೀ ಒತ್ತಿ. ಕೆಲವು ಸಾಲುಗಳ ಎಡಿಟರ್ ತೆರೆಯುತ್ತದೆ.

3. ‘ಲಿನಕ್ಸ್’ ಎಂಬ ಪದದಿಂದ ಶುರುವಾಗುವ ಸಾಲಿಗೆ ಇಳಿಯಿರಿ. ಅದು ಉದ್ದವಿದ್ದು ಎರಡು ಮೂರು ಸಾಲಿಗೆ ಮಡಿಚಿಕೊಂಡಿರಬಹುದು. ಎಂಡ್ ಕೀ ಅಥವಾ ಕಂಟ್ರೋಲ್-ಇ ಒತ್ತಿ ಅದರ ಕೊನೆಗೆ ಹೋಗಿ.

4. ಉಬುಂಟುವಿನಲ್ಲಿ ‘ಕ್ವೈಟ್ ಸ್ಪ್ಲ್ಯಾಶ್’, ಫೆಡೋರಾದಲ್ಲಿ ‘ಆರ್‌ಎಚ್‌ಜಿಬಿ ಕ್ವೈಟ್’ ಪದಗಳಿದ್ದರೆ ಅಳಿಸಿ. ಲೋಗೊ ಹೋಗಿ ಬೂಟ್ ಸಂದೇಶಗಳು ಕಾಣುತ್ತವೆ. ದುರಸ್ತಿಗೆ ಬೇಕಾದದ್ದು ಅದೇ.

5. ಒಂದು ಜಾಗ ಬಿಟ್ಟು ಸೇರಿಸಿ:

ಸಿಸ್ಟಮ್‌ಡಿ.ಯೂನಿಟ್=ಮಲ್ಟಿ-ಯೂಸರ್.ಟಾರ್ಗೆಟ್

ಬೇಕಾದಲ್ಲಿ ರೆಸ್ಕ್ಯೂ.ಟಾರ್ಗೆಟ್ ಅಥವಾ ಎಮರ್ಜೆನ್ಸಿ.ಟಾರ್ಗೆಟ್ ಹಾಕಿ. ಚಿಕ್ಕದಾಗಿ ‘ರೆಸ್ಕ್ಯೂ’, ‘ಎಮರ್ಜೆನ್ಸಿ’ ಎಂದರೂ ನಡೆಯುತ್ತದೆ.

6. ಕಂಟ್ರೋಲ್-ಎಕ್ಸ್ ಅಥವಾ ಎಫ್10 ಒತ್ತಿ ಬೂಟ್ ಮಾಡಿ. ಎಂಟರ್ ಒತ್ತಿದರೆ ಸಾಲು ಮುರಿಯುತ್ತದೆ ಅಷ್ಟೇ, ಬೂಟ್ ಆಗುವುದಿಲ್ಲ.

ಈ ಬದಲಾವಣೆ ಡಿಸ್ಕಿಗೆ ಬರೆಯಲ್ಪಡುವುದಿಲ್ಲ. ತಪ್ಪಿದರೆ ಮತ್ತೆ ಆನ್ ಮಾಡಿದಾಗ ಎಲ್ಲ ಮೊದಲಿನಂತೆ. ಆದ್ದರಿಂದ ಧೈರ್ಯವಾಗಿ ಪ್ರಯತ್ನಿಸಿ. ಉಬುಂಟು ಬಳಗದಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ‘ರಿಕವರಿ ಮೋಡ್’ ಸಾಲೂ ಸಿದ್ಧವಾಗಿರುತ್ತದೆ. ಅದರ ಮೆನುವಿನಲ್ಲಿ ‘ರೂಟ್’ ಆರಿಸಿದರೆ ಶೆಲ್ (ಕಮಾಂಡ್ ಲೈನ್), ‘ಎಫ್‌ಎಸ್‌ಸಿಕೆ’ ಆರಿಸಿದರೆ ಡಿಸ್ಕ್ ತಪಾಸಣೆ.

ಯಾವ ತೊಂದರೆಗೆ ಯಾವ ಹಂತ

ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಲಾಗಿನ್ ತೆರೆ ಮತ್ತೆ ಮತ್ತೆ ಬರುತ್ತಿದೆ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ತೆರೆ ಕಪ್ಪಾಗಿದೆ ಎಂದರೆ ಮಲ್ಟಿ-ಯೂಸರ್ ಸಾಕು. ಅಲ್ಲಿ ನೆಟ್‌ವರ್ಕ್ ಇರುತ್ತದೆ, ಡ್ರೈವರ್ ಪ್ಯಾಕೇಜ್ ತೆಗೆದು ಮತ್ತೆ ಹಾಕಬಹುದು. ಮೊದಲು ‘ಡಿಎಫ್ -ಎಚ್’ ಕೊಟ್ಟು ಡಿಸ್ಕ್ ತುಂಬಿದೆಯೇ ನೋಡಿ. ಲಾಗಿನ್ ಸುತ್ತು ಹೊಡೆಯಲು ಮುಖ್ಯ ಕಾರಣಗಳಲ್ಲಿ ಅದೂ ಒಂದು: ರೂಟ್ ಡಿಸ್ಕ್ 100 ಪ್ರತಿಶತ ತುಂಬಿದರೆ ಡೆಸ್ಕ್‌ಟಾಪ್ ತನ್ನ ಸಣ್ಣ ಫೈಲ್‌ಗಳನ್ನು ಬರೆಯಲಾರದೆ ಹಿಂದಕ್ಕೆ ಬೀಳುತ್ತದೆ. ಲಾಗ್‌ಗಳನ್ನು ಕತ್ತರಿಸಲು:

ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ

ಇದರಲ್ಲಿ ‘ಎಂ’ ದೊಡ್ಡ ಅಕ್ಷರ. ಡೆಬಿಯನ್, ಉಬುಂಟುವಿನಲ್ಲಿ ‘ಸುಡೊ ಎಪಿಟಿ ಕ್ಲೀನ್’ ಕೊಟ್ಟರೂ ಸ್ವಲ್ಪ ಜಾಗ ಬಿಡುಗಡೆಯಾಗುತ್ತದೆ.

ಯಾವುದೋ ಸರ್ವಿಸ್ ಬೂಟಿನ ನಡುವೆಯೇ ಸಿಕ್ಕಿಹಾಕಿಕೊಂಡಿದೆ, ಮಲ್ಟಿ-ಯೂಸರ್‌ವರೆಗೂ ಹೋಗುತ್ತಿಲ್ಲ ಎಂದರೆ ರೆಸ್ಕ್ಯೂ. ಡಿಸ್ಕುಗಳು ಮೌಂಟ್ ಆಗಿರುತ್ತವೆ, ಸಾಮಾನ್ಯ ಸರ್ವಿಸ್‌ಗಳೂ ನೆಟ್‌ವರ್ಕೂ ಇರುವುದಿಲ್ಲ, ರೂಟ್ ಶೆಲ್ ಸಿಗುತ್ತದೆ. ಆ ಸರ್ವಿಸನ್ನು ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್’ ಮಾಡಿ ಮರುಬೂಟ್ ಮಾಡಿದರೆ ಯಂತ್ರ ಏಳುತ್ತದೆ. ಕಾರಣವನ್ನು ಆಮೇಲೆ ಸಾವಕಾಶವಾಗಿ ಹುಡುಕಬಹುದು.

ಡಿಸ್ಕುಗಳ ಮೌಂಟೇ ಕೆಟ್ಟಿದೆ ಎಂದರೆ ಎಮರ್ಜೆನ್ಸಿ. ಹೆಚ್ಚು ಸಲ ನೀವು ಕರೆಯದೆಯೇ ಅದು ಬರುತ್ತದೆ.

ಎಮರ್ಜೆನ್ಸಿ ಮೋಡ್: ಎಫ್‌ಎಸ್‌ಟ್ಯಾಬ್ ದುರಸ್ತಿ

/ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಯಾವ ಡಿಸ್ಕ್ ಎಲ್ಲಿಗೆ ಮೌಂಟ್ ಆಗಬೇಕು ಎಂದು ಬರೆದಿರುತ್ತದೆ. ಅಲ್ಲಿ ಹೇಳಿದ ಒಂದು ಡಿಸ್ಕ್ ಸಿಗದಿದ್ದರೂ ಲೋಕಲ್-ಎಫ್‌ಎಸ್.ಟಾರ್ಗೆಟ್ ವಿಫಲ. ಆ ಟಾರ್ಗೆಟ್ ಫೈಲಿನಲ್ಲೇ ‘ವಿಫಲವಾದರೆ ಎಮರ್ಜೆನ್ಸಿಗೆ ಹೋಗು’ ಎಂಬ ಸಾಲಿದೆ. ಎರಡನೆಯ ಹಾರ್ಡ್‌ಡಿಸ್ಕ್ ಕಳಚಿದಾಗ, ಪಾರ್ಟಿಶನ್ ಫಾರ್ಮ್ಯಾಟ್ ಮಾಡಿ ಅದರ ಯುಯುಐಡಿ (ಗುರುತಿನ ಸಂಕೇತ) ಬದಲಾದಾಗ, ಟೈಪಿಂಗ್ ತಪ್ಪಾದಾಗ ಇದೇ ಗತಿ. ಲಕ್ಷಣ ಸ್ಪಷ್ಟ: ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂಬ ಸಾಲು, ಪಕ್ಕದಲ್ಲಿ ಒಂದೂವರೆ ನಿಮಿಷದ ಎಣಿಕೆ, ಎಣಿಕೆ ಮುಗಿದ ಮೇಲೆ ಎಮರ್ಜೆನ್ಸಿ ಸಂದೇಶ. ಆ 90 ಸೆಕೆಂಡ್ ಸಿಸ್ಟಮ್‌ಡಿ ಡಿಸ್ಕಿಗಾಗಿ ಕಾಯುವ ಡಿಫಾಲ್ಟ್ ಅವಧಿ.

ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಬನ್ನಿ. ಟೈಪ್ ಮಾಡಿದ್ದು ಕಾಣುವುದಿಲ್ಲ, ನಕ್ಷತ್ರದ ಗುರುತೂ ಬರುವುದಿಲ್ಲ. ಮೊದಲು ಕಾರಣ ನೋಡಿ:

ಜರ್ನಲ್‌ಸಿಟಿಎಲ್ -ಎಕ್ಸ್‌ಬಿ -ಪಿ ಇಆರ್‌ಆರ್

ಕೆಂಪು ಸಾಲುಗಳಲ್ಲಿ ‘ಡಿಪೆಂಡೆನ್ಸಿ ಫೇಲ್ಡ್’ ಅಥವಾ ‘ಟೈಮ್ಡ್ ಔಟ್’ ಪಕ್ಕದಲ್ಲಿ ಮೌಂಟ್ ಜಾಗದ ಹೆಸರಿರುತ್ತದೆ. ನೋಡಿ ಮುಗಿದ ಮೇಲೆ ‘ಕ್ಯೂ’ ಒತ್ತಿ ಹೊರಬನ್ನಿ. ರೂಟ್ ಫೈಲ್‌ಸಿಸ್ಟಮ್ ಓದಲು ಮಾತ್ರ ಎಂಬ ಸ್ಥಿತಿಯಲ್ಲಿರಬಹುದು. ಹಾಗಿದ್ದರೆ ಎಡಿಟರ್ ಸೇವ್ ಮಾಡಲು ಬಿಡುವುದಿಲ್ಲ. ಆದ್ದರಿಂದ:

ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /

ಈಗಾಗಲೇ ಬರೆಯಬಹುದಾದ ಸ್ಥಿತಿಯಲ್ಲಿದ್ದರೆ ಈ ಕಮಾಂಡಿನಿಂದ ಹಾನಿಯೇನಿಲ್ಲ. ನಂತರ ‘ಬಿಎಲ್‌ಕೆಐಡಿ’ ಕೊಟ್ಟು ನಿಜವಾದ ಯುಯುಐಡಿಗಳನ್ನು ನೋಡಿ, ‘ನ್ಯಾನೊ /ಇಟಿಸಿ/ಎಫ್‌ಎಸ್‌ಟ್ಯಾಬ್’ ತೆರೆದು ಹೋಲಿಸಿ. ಅನುಮಾನವಿರುವ ಸಾಲನ್ನು ಅಳಿಸಬೇಡಿ, ಅದರ ಆರಂಭದಲ್ಲಿ # ಗುರುತು ಹಾಕಿ ಸೇವ್ ಮಾಡಿ. ಸರಿಯಾಯಿತೇ ಎಂದು ಪರೀಕ್ಷಿಸದೆ ಮರುಬೂಟ್ ಮಾಡಿದರೆ ಮತ್ತೆ ಒಂದೂವರೆ ನಿಮಿಷ ಕಾಯುವ ಸರದಿ. ಹೀಗೆ ಪರೀಕ್ಷಿಸಿ:

ಫೈಂಡ್‌ಎಂಎನ್‌ಟಿ --ವೆರಿಫೈ
ಸಿಸ್ಟಮ್‌ಸಿಟಿಎಲ್ ಡೀಮನ್-ರಿಲೋಡ್
ಮೌಂಟ್ -ಎ

ಮೊದಲನೆಯದು ಫೈಲಿನ ತಪ್ಪು ಸಾಲುಗಳನ್ನು ತೋರಿಸುತ್ತದೆ. ಎರಡನೆಯದು ಬೇಕೇ ಬೇಕು. ಸಿಸ್ಟಮ್‌ಡಿ ಬೂಟಿನ ಆರಂಭದಲ್ಲಿ ಎಫ್‌ಎಸ್‌ಟ್ಯಾಬ್ ಓದಿ ತನ್ನದೇ ಮೌಂಟ್ ಯೂನಿಟ್‌ಗಳನ್ನು ಮಾಡಿಕೊಂಡಿರುತ್ತದೆ, ನೀವು ಫೈಲ್ ತಿದ್ದಿದ್ದು ಅದಕ್ಕೆ ತಿಳಿದಿರುವುದಿಲ್ಲ. ಮೂರೂ ತಪ್ಪು ತೋರಿಸದಿದ್ದರೆ ‘ಸಿಸ್ಟಮ್‌ಸಿಟಿಎಲ್ ಡಿಫಾಲ್ಟ್’ ಕೊಡಿ. ಮರುಬೂಟ್ ಇಲ್ಲದೆಯೇ ಡೆಸ್ಕ್‌ಟಾಪ್‌ವರೆಗೆ ಏರುತ್ತದೆ.

ಆಗಾಗ ಕಳಚುವ ಡಿಸ್ಕಿನ ಸಾಲಿನಲ್ಲಿ, ‘ಡಿಫಾಲ್ಟ್ಸ್’ ಎಂದಿರುವ ಜಾಗದಲ್ಲಿ ನಡುವೆ ಜಾಗ ಬಿಡದೆ ಹೀಗೆ ಬರೆಯಿರಿ:

ಡಿಫಾಲ್ಟ್ಸ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್

ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯುತ್ತದೆ. ಆದರೆ ನೋಫೇಲ್ ಅನ್ನು ಎಲ್ಲ ಸಾಲಿಗೂ ಹಚ್ಚುವುದು ಸರಿಯಲ್ಲ. ಬ್ಯಾಕಪ್ ಡಿಸ್ಕ್ ಮೌಂಟ್ ಆಗದ ದಿನ ಬ್ಯಾಕಪ್ ಪ್ರೋಗ್ರಾಂ ಅದೇ ಹೆಸರಿನ ಖಾಲಿ ಫೋಲ್ಡರಿಗೆ ಬರೆಯುತ್ತಾ ಹೋಗುತ್ತದೆ, ರೂಟ್ ಡಿಸ್ಕ್ ತುಂಬುತ್ತದೆ. ಡೇಟಾಬೇಸ್ ಇರುವ ಡಿಸ್ಕ್ ಸಿಗದಿದ್ದರೆ ಸರ್ವರ್ ಎಮರ್ಜೆನ್ಸಿಯಲ್ಲಿ ನಿಲ್ಲುವುದೇ ಕ್ಷೇಮ.

ರೂಟ್ ಖಾತೆ ಲಾಕ್ ಆಗಿದ್ದರೆ

‘ಕ್ಯಾನಾಟ್ ಓಪನ್ ಆಕ್ಸೆಸ್ ಟು ಕನ್ಸೋಲ್, ದಿ ರೂಟ್ ಅಕೌಂಟ್ ಈಸ್ ಲಾಕ್ಡ್’ ಎಂಬ ಸಂದೇಶ ಬರುವುದು ರೂಟ್‌ಗೆ ಪಾಸ್‌ವರ್ಡೇ ಇಡದ ಯಂತ್ರಗಳಲ್ಲಿ. ಎಂಟರ್ ಒತ್ತಿದಷ್ಟೂ ಅದೇ ಸಂದೇಶ. ಗ್ರಬ್‌ಗೆ ಹೋಗಿ ಲಿನಕ್ಸ್ ಸಾಲಿನ ಕೊನೆಗೆ ಇದನ್ನು ಸೇರಿಸಿ:

ಆರ್‌ಡಬ್ಲ್ಯೂ ಇನಿಟ್=/ಬಿನ್/ಬ್ಯಾಶ್

ಸಾಲಿನಲ್ಲಿ ಮೊದಲೇ ‘ಆರ್‌ಒ’ ಇದ್ದರೆ ಅಳಿಸಿಬಿಡಿ. ಈಗ ಸಿಸ್ಟಮ್‌ಡಿ ಶುರುವಾಗುವುದೇ ಇಲ್ಲ, ಪ್ರೋಸೆಸ್ 1 ಆಗಿ ಬರೀ ಶೆಲ್ ಬರುತ್ತದೆ, ಪಾಸ್‌ವರ್ಡ್ ಕೇಳುವುದಿಲ್ಲ. ಎಫ್‌ಎಸ್‌ಟ್ಯಾಬ್ ತಿದ್ದಬಹುದು. ಮರೆತ ಪಾಸ್‌ವರ್ಡ್ ಬದಲಿಸಲು ‘ಪಾಸ್‌ಡಬ್ಲ್ಯೂಡಿ’ ಮತ್ತು ಬಳಕೆದಾರರ ಹೆಸರು ಕೊಡಬಹುದು. ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ ಪಾಸ್‌ವರ್ಡ್ ಬದಲಿಸಿದ ಮೇಲೆ ಇದನ್ನು ಕೊಡಲು ಮರೆಯಬೇಡಿ:

ಟಚ್ /.ಆಟೊರೀಲೇಬಲ್

ಕೊಡದಿದ್ದರೆ ಪಾಸ್‌ವರ್ಡ್ ಫೈಲಿನ ಎಸ್‌ಇಲಿನಕ್ಸ್ (ಒಂದು ಸುರಕ್ಷತಾ ವ್ಯವಸ್ಥೆ) ಗುರುತು ತಪ್ಪಾಗಿ, ಸರಿಯಾದ ಪಾಸ್‌ವರ್ಡ್‌ಗೂ ಲಾಗಿನ್ ನಿರಾಕರಣೆಯಾಗಬಹುದು. ಕೊಟ್ಟರೆ ಮುಂದಿನ ಬೂಟಿನಲ್ಲಿ ಎಲ್ಲ ಫೈಲ್‌ಗಳ ಗುರುತು ಮತ್ತೆ ಬರೆಯಲು ಕೆಲವು ನಿಮಿಷ ಹಿಡಿಯುತ್ತದೆ. ಆಗ ಯಂತ್ರ ಆಫ್ ಮಾಡಬೇಡಿ.

ಈ ಶೆಲ್‌ನಿಂದ ‘ಎಕ್ಸಿಟ್’ ಎಂದು ಹೊರಬಂದರೆ ಕರ್ನಲ್ ಪ್ಯಾನಿಕ್, ಏಕೆಂದರೆ ಪ್ರೋಸೆಸ್ 1 ಸಾಯುವಂತಿಲ್ಲ. ಕಂಟ್ರೋಲ್-ಸಿ ಕೂಡ ಇಲ್ಲಿ ಕೆಲಸ ಮಾಡುವುದಿಲ್ಲ. ‘ಸಿಂಕ್’ ಕೊಟ್ಟು, ‘ಎಕ್ಸೆಕ್ /ಎಸ್‌ಬಿನ್/ಇನಿಟ್’ ಕೊಟ್ಟರೆ ಸಿಸ್ಟಮ್‌ಡಿ ಅಲ್ಲಿಂದಲೇ ಶುರುವಾಗುತ್ತದೆ. ಇಲ್ಲವೇ ‘ರೀಬೂಟ್ -ಎಫ್’.

ಯಂತ್ರದ ಎದುರು ಕುಳಿತ ಯಾರೇ ಆದರೂ ಹೀಗೆ ಒಳಗೆ ಬರಬಹುದು ಎಂಬುದೂ ಇದರಿಂದ ತಿಳಿಯುತ್ತದೆ. ಕಾಲೇಜು ಲ್ಯಾಬ್, ಸೈಬರ್ ಸೆಂಟರ್‌ಗಳಲ್ಲಿ ಗ್ರಬ್‌ಗೆ ಪಾಸ್‌ವರ್ಡ್ ಇಡಿ. ಲ್ಯಾಪ್‌ಟಾಪ್ ಕಳವಾದರೆ ಫೈಲ್‌ಗಳು ಸುರಕ್ಷಿತವಾಗಿರಬೇಕಾದರೆ ಡಿಸ್ಕ್ ಎನ್‌ಕ್ರಿಪ್ಷನ್ ಒಂದೇ ಉಪಾಯ. ಗ್ರಬ್ ಪಾಸ್‌ವರ್ಡ್ ಇದ್ದರೂ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ಓದಬಹುದು.

ಕನ್ನಡದಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ

ಸಿಸ್ಟಮ್ ಭಾಷೆಯನ್ನು ಕನ್ನಡ ಮಾಡಿಕೊಂಡವರು ಪಠ್ಯ ಕನ್ಸೋಲ್‌ಗೆ ಬಂದ ಕೂಡಲೇ ಅಕ್ಷರಗಳ ಜಾಗದಲ್ಲಿ ಚೌಕ, ವಜ್ರದ ಗುರುತುಗಳನ್ನು ಕಾಣುತ್ತಾರೆ. ಫಾಂಟ್ ಇನ್‌ಸ್ಟಾಲ್ ಮಾಡಿದರೂ ಸರಿಹೋಗದು. ಕರ್ನಲ್‌ನ ಕನ್ಸೋಲ್ ಗರಿಷ್ಠ 512 ಆಕೃತಿಗಳನ್ನಷ್ಟೇ ಹಿಡಿಯುತ್ತದೆ. ಒತ್ತಕ್ಷರ, ಗುಣಿತಾಕ್ಷರ ಜೋಡಿಸುವ ವ್ಯವಸ್ಥೆ ಅದರಲ್ಲಿಲ್ಲ. ದುರಸ್ತಿಯ ಹೊತ್ತಿಗೆ ಸಂದೇಶ ಓದಲಾಗಬೇಕೆಂದರೆ ಶೆಲ್ ಸಿಕ್ಕ ಕೂಡಲೇ ಇದನ್ನು ಕೊಡಿ:

ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ

ಎಲ್‌ಸಿ, ಆಲ್, ಸಿ ಮೂರೂ ದೊಡ್ಡ ಅಕ್ಷರಗಳಲ್ಲಿ. ಅಲ್ಲಿಂದ ಮುಂದೆ ಆ ಶೆಲ್‌ನಲ್ಲಿ ಸಂದೇಶಗಳು ಇಂಗ್ಲಿಷ್‌ನಲ್ಲಿ ಬರುತ್ತವೆ. ಡೆಸ್ಕ್‌ಟಾಪಿನ ಕನ್ನಡ ಹಾಗೆಯೇ ಉಳಿಯುತ್ತದೆ. ಮಲ್ಟಿ-ಯೂಸರ್ ಹಂತದಲ್ಲಿ ಎಸ್‌ಎಸ್‌ಎಚ್ ಇದ್ದರೆ ಇನ್ನೊಂದು ಯಂತ್ರದ ಗ್ರಾಫಿಕಲ್ ಟರ್ಮಿನಲ್‌ನಿಂದ ಸೇರಿ, ಕನ್ನಡ ಹೆಸರಿನ ಫೈಲ್‌ಗಳೂ ಸರಿಯಾಗಿ ಕಾಣುತ್ತವೆ.

ಪಾಸ್‌ವರ್ಡಿನ ವಿಷಯ ಇದಕ್ಕಿಂತ ಮುಖ್ಯ. ಕನ್ಸೋಲ್‌ನಲ್ಲಿ ಇನ್‌ಸ್ಕ್ರಿಪ್ಟ್, ಕೆಜಿಪಿ ವಿನ್ಯಾಸಗಳು ಸಿಗುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಕನ್ನಡ ಕೀಲಿಮಣೆ ಆನ್ ಇರುವಾಗ ಪಾಸ್‌ವರ್ಡ್ ಬದಲಿಸಿದರೆ, ಒತ್ತಿದ್ದು ಅದೇ ಕೀಗಳಾದರೂ ದಾಖಲಾಗುವುದು ಕನ್ನಡ ಅಕ್ಷರಗಳು, ರೆಸ್ಕ್ಯೂನಲ್ಲಿ ಅವನ್ನು ಟೈಪ್ ಮಾಡಲು ದಾರಿಯಿಲ್ಲ. ಲಾಗಿನ್ ಮತ್ತು ರೂಟ್ ಪಾಸ್‌ವರ್ಡ್ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ ಇರಲಿ. ಇಟ್ಟ ಮೇಲೆ ಒಮ್ಮೆ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕನ್ಸೋಲ್‌ನಲ್ಲಿ ಲಾಗಿನ್ ಆಗುತ್ತದೆಯೇ ನೋಡಿ.

ನಿಮ್ಮ ಸರ್ವಿಸ್ ಯಾವ ಹಂತದಲ್ಲಿ ಶುರುವಾಗಬೇಕು

ಸ್ವಂತ ಸರ್ವಿಸ್ ಬರೆಯುವವರು ಫೈಲಿನ ಕೊನೆಯ ‘ಇನ್‌ಸ್ಟಾಲ್’ ಭಾಗದಲ್ಲಿ ಹೀಗೆ ಹಾಕುತ್ತಾರೆ:

ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್

ಇದರಲ್ಲಿ ‘ಡಬ್ಲ್ಯೂ’ ಮತ್ತು ‘ಬಿ’ ದೊಡ್ಡ ಅಕ್ಷರ. ‘ಸಿಸ್ಟಮ್‌ಸಿಟಿಎಲ್ ಎನೇಬಲ್’ ಕೊಟ್ಟಾಗ ಮಲ್ಟಿ-ಯೂಸರ್.ಟಾರ್ಗೆಟ್.ವಾಂಟ್ಸ್ ಫೋಲ್ಡರಿನಲ್ಲಿ ಲಿಂಕ್ ಹುಟ್ಟುತ್ತದೆ. ಇದರ ಬದಲು ಗ್ರಾಫಿಕಲ್.ಟಾರ್ಗೆಟ್ ಎಂದು ಬರೆದರೆ, ಡೆಸ್ಕ್‌ಟಾಪ್ ಇರುವಾಗ ಎಲ್ಲ ಸರಿ. ಡಿಫಾಲ್ಟನ್ನು ಮಲ್ಟಿ-ಯೂಸರ್‌ಗೆ ಬದಲಿಸಿದ ದಿನ ಸರ್ವಿಸ್ ಸದ್ದಿಲ್ಲದೆ ನಿಲ್ಲುತ್ತದೆ, ಯಾವ ದೋಷ ಸಂದೇಶವೂ ಇರುವುದಿಲ್ಲ. ತೆರೆಯ ಮೇಲೆ ಏನನ್ನೂ ತೋರಿಸದ ಸರ್ವಿಸ್‌ಗಳಿಗೆಲ್ಲ ಮಲ್ಟಿ-ಯೂಸರ್ ಸರಿಯಾದ ಜಾಗ.

ಬೂಟ್ ನಿಧಾನವೆನಿಸಿದರೆ ‘ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್’ ಪ್ರತಿ ಸರ್ವಿಸ್ ತೆಗೆದುಕೊಂಡ ಸಮಯವನ್ನು ದೊಡ್ಡದರಿಂದ ಚಿಕ್ಕದಕ್ಕೆ ತೋರಿಸುತ್ತದೆ. ಸರ್ವಿಸ್‌ಗಳು ಒಟ್ಟಿಗೆ ಶುರುವಾಗುವುದರಿಂದ ಆ ಪಟ್ಟಿಯ ಮೊದಲನೆಯದೇ ತಪ್ಪಿತಸ್ಥ ಎನ್ನುವಂತಿಲ್ಲ. ‘ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್’ ಕೊಟ್ಟರೆ ಯಾವುದಕ್ಕಾಗಿ ಯಾವುದು ಕಾಯಿತು ಎಂಬ ಸರಪಳಿ ಸಿಗುತ್ತದೆ. ತೀರ್ಮಾನ ಅದನ್ನು ನೋಡಿ ಮಾಡಿ.

ಬೂಟ್ ನಡುವೆಯೇ ಹೆಪ್ಪುಗಟ್ಟಿ ಯಾವ ಹಂತವೂ ಸಿಗದಿದ್ದರೆ ಗ್ರಬ್ ಸಾಲಿಗೆ ‘ಸಿಸ್ಟಮ್‌ಡಿ.ಡೀಬಗ್_ಶೆಲ್=1’ ಸೇರಿಸಿ. ಬೂಟಿನ ಬಹಳ ಆರಂಭದಲ್ಲೇ ಒಂಬತ್ತನೆಯ ಕನ್ಸೋಲ್‌ನಲ್ಲಿ ರೂಟ್ ಶೆಲ್ ತೆರೆಯುತ್ತದೆ. ಕಂಟ್ರೋಲ್-ಆಲ್ಟ್-ಎಫ್9 ಒತ್ತಿ ಅಲ್ಲಿಗೆ ಹೋಗಿ ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್’ ಕೊಟ್ಟರೆ ಇನ್ನೂ ಮುಗಿಯದೆ ಕಾಯುತ್ತಿರುವ ಕೆಲಸಗಳು ಕಾಣುತ್ತವೆ. ‘ರನ್ನಿಂಗ್’ ಎಂದಿರುವುದು ಅಡ್ಡ ಹಾಕಿರುವುದು, ‘ವೇಟಿಂಗ್’ ಎಂದಿರುವವು ಅದರ ಹಿಂದೆ ನಿಂತವು. ಈ ಶೆಲ್‌ಗೆ ಪಾಸ್‌ವರ್ಡ್ ಇಲ್ಲ. ಆದ್ದರಿಂದ ಗ್ರಬ್‌ನಲ್ಲಿ ಒಂದು ಸಲಕ್ಕೆ ಮಾತ್ರ ಬಳಸಿ. ಡೀಬಗ್-ಶೆಲ್ ಸರ್ವಿಸನ್ನು ಎನೇಬಲ್ ಮಾಡಿದ್ದರೆ ದುರಸ್ತಿ ಮುಗಿದ ಕೂಡಲೇ ಡಿಸೇಬಲ್ ಮಾಡಿ.

ಸಿಸ್ಟಮ್‌ಡಿ ಇಲ್ಲದ ಡಿಸ್ಟ್ರೊಗಳೂ ಇವೆ. ಆಲ್ಪೈನ್‌ನಲ್ಲಿ ಓಪನ್‌ಆರ್‌ಸಿ, ವಾಯ್ಡ್‌ನಲ್ಲಿ ರನ್‌ಇಟ್. ಓಪನ್‌ಆರ್‌ಸಿಯಲ್ಲಿ ರನ್‌ಲೆವೆಲ್‌ಗಳಿಗೆ ‘ಬೂಟ್’, ‘ಡಿಫಾಲ್ಟ್’ ಎಂಬಂಥ ಹೆಸರುಗಳು. ‘ಆರ್‌ಸಿ-ಸ್ಟೇಟಸ್’ ಈಗಿನ ಹಂತವನ್ನು ತೋರಿಸುತ್ತದೆ, ‘ಆರ್‌ಸಿ-ಅಪ್‌ಡೇಟ್ ಆ್ಯಡ್ ಎಸ್‌ಎಸ್‌ಎಚ್‌ಡಿ ಡಿಫಾಲ್ಟ್’ ಸರ್ವಿಸನ್ನು ಹಂತಕ್ಕೆ ಸೇರಿಸುತ್ತದೆ. ಮೇಲೆ ಹೇಳಿದ ‘ಇನಿಟ್=/ಬಿನ್/ಬ್ಯಾಶ್’ ಉಪಾಯ ಕರ್ನಲ್‌ನದ್ದಾದ್ದರಿಂದ ಅಲ್ಲೂ ನಡೆಯುತ್ತದೆ. ಆಲ್ಪೈನ್‌ನಲ್ಲಿ ಬ್ಯಾಶ್ ಮೊದಲೇ ಇರುವುದಿಲ್ಲ, ‘/ಬಿನ್/ಎಸ್‌ಎಚ್’ ಎಂದು ಬರೆಯಿರಿ.